ಎದುರಿಗೆ ಯಾರೂ ಇಲ್ಲದ ಆಟ

ಇವತ್ತೂ ಪಾಠ ಮಾಡಲಿಲ್ಲ. ಆಡಿಸಿದೆ, ಅಷ್ಟೇ. ಯಾರಿಗಾದರೂ ಗೊತ್ತಾದರೆ?

ಅಜ್ಜಂಪುರದಿಂದ ಕಡೂರಿಗೆ ಬರುವ ಸಂಜೆಯ ರೈಲಿನಲ್ಲಿ ಮದೀಹಾ ಡೈರಿಯಲ್ಲಿ ಇಷ್ಟು ಬರೆದು ಪೆನ್ನಿನ ಮುಚ್ಚಳ ಹಾಕಿದಳು. ಬರೆಯುವುದಕ್ಕೆ ಇನ್ನೇನೂ ಇರಲಿಲ್ಲವೆಂದಲ್ಲ, ಬರೆಯುವ ತ್ರಾಣ ಉಳಿದಿರಲಿಲ್ಲ. ಬೀರೂರಿನಲ್ಲಿ ಚೀಲ ಹೊತ್ತ ಹೆಂಗಸರು ಹತ್ತಿ, "ಒಂಚೂರು ಜರುಗವ್ವಾ" ಎಂದು ಅವಳನ್ನು ಕಿಟಕಿಗೆ ಒತ್ತರಿಸಿ ಕೂತರು. ಅವಳು ಜರುಗಿದಳು. ಯಾರು ಏನು ಹೇಳಿದರೂ ಒಂಚೂರು ಜರುಗಿ ಜಾಗ ಬಿಡುವುದು ಅವಳಿಗೆ ಚಿಕ್ಕಂದಿನಿಂದ ಬಂದ ವಿದ್ಯೆ.

ಬಿಸಿಎ ಮುಗಿಸಿ ಮನೆಯಲ್ಲಿ ಕೂತಿದ್ದವಳಿಗೆ ಈ ಜೂನ್‌ನಲ್ಲಿ ಅಜ್ಜಂಪುರದ ಆಚೆಯ ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಯಾವುದೋ ಕಂಪನಿ ತನಗೆ ಬೇಡವಾದ ಕಂಪ್ಯೂಟರುಗಳನ್ನು ಆ ಶಾಲೆಗೆ ದಾನ ಕೊಟ್ಟಿತ್ತು. ಹೇಳಿಕೊಡುವವರಿಲ್ಲದೆ ಅವು ಪ್ಲಾಸ್ಟಿಕ್ ಹೊದ್ದುಕೊಂಡು ಕೂತಿದ್ದವು. ಇಂಟರ್ನೆಟ್ ಇಲ್ಲ. ಕರೆಂಟ್ ಹೋದರೆ ಯುಪಿಎಸ್ ಪುಟ್ಟ ಕೋಳಿಮರಿಯಂತೆ ಕಿರುಚಿ ಕಣ್ಣುಮುಚ್ಚುತ್ತಿತ್ತು.

ಮೊದಲ ದಿನ ಒಂಬತ್ತನೇ ಕ್ಲಾಸಿನ ಮುಂದೆ ನಿಂತು "ಕಂಪ್ಯೂಟರ್ ಅಂದ್ರೆ..." ಎಂದಳು. ಅದರ ಮುಂದಿನ ಮಾತು ರಾತ್ರಿಯೆಲ್ಲ ಬಾಯಿಪಾಠವಾಗಿತ್ತು. ಈಗ ಬರಲಿಲ್ಲ. ಮಕ್ಕಳು ಕಾದರು. ಯಾರೋ ಕಿಸಕ್ಕೆಂದರು. ದುಪಟ್ಟಾದ ಒಳಗೆ ಕುತ್ತಿಗೆ ಬೆವತು ಹೋಯಿತು. ಆಗ ಬ್ಯಾಗಿನೊಳಗಿದ್ದ ಕೈಗೆ ಪೆನ್‌ಡ್ರೈವ್ ಸಿಕ್ಕಿತು. ಅದನ್ನು ಒಂದೊಂದೇ ಕಂಪ್ಯೂಟರಿಗೆ ಹಾಕಿ, ತೆರೆದು, "ಆಡಿ" ಎಂದಳು. ಅವತ್ತು ಅವಳು ಆಡಿದ ಮಾತು ಅಷ್ಟೇ.

ಆ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಅವಳು ವರ್ಷಗಟ್ಟಲೆ ಕೂಡಿಟ್ಟ ಹಳೆಯ ಆಟಗಳು. ಅವಳ ಅಬ್ಬಾ ಮಹಮ್ಮದ್ ಹನೀಫ್ ಪಂಪ್‌ಸೆಟ್ ಮೋಟರು ಸುಟ್ಟರೆ ತಾಮ್ರದ ತಂತಿ ಸುತ್ತಿ ವೈಂಡಿಂಗ್ ಮಾಡುವವರು. ಅಂಗಡಿಯಲ್ಲಿ ಬಿಲ್ಲು ಹಾಕಲೆಂದು ಒಂದು ಹಳೇ ಕಂಪ್ಯೂಟರ್ ತಂದಿಟ್ಟು, ಬಿಲ್ಲನ್ನು ಕೈಯಲ್ಲೇ ಬರೆಯುತ್ತಿದ್ದರು. ಹಾಗಾಗಿ ಕಂಪ್ಯೂಟರ್ ಮದೀಹಾಳದ್ದಾಯಿತು. ಚೌಕಗಳ ಕೆಳಗೆ ನೆಲಬಾಂಬು ಬಚ್ಚಿಟ್ಟಿರುವ ಆಟ. ಮೇಲಿಂದ ಮಳೆಯಂತೆ ಬೀಳುವ ಅಕ್ಷರಗಳನ್ನು ನೆಲ ಮುಟ್ಟುವ ಮೊದಲು ಟೈಪ್ ಮಾಡುವ ಆಟ. ಚೆಂಡು ಪುಟಿಸಿ ಇಟ್ಟಿಗೆ ಒಡೆಯುವುದು. ತನ್ನ ಬಾಲವನ್ನೇ ಕಚ್ಚಿ ಸಾಯುವ ಹಾವು. ಮತ್ತೆ ಎಲ್ಲಕ್ಕಿಂತ ಹೆಚ್ಚಾಗಿ, ಒಬ್ಬರೇ ಕೂತು ಎಲೆ ಜೋಡಿಸುವ ಸಾಲಿಟೇರ್. ಎಲ್ಲವೂ ಪುಕ್ಕಟೆ. ಈಗಿನ ಮೊಬೈಲ್ ಆಟಗಳೂ ಪುಕ್ಕಟೆಯೇ, ಆದರೆ ಸುಮ್ಮನೆ ಬಿಡುವುದಿಲ್ಲ. ಜಾಹೀರಾತು ನೋಡು ಅನ್ನುತ್ತವೆ, ಗೆಳೆಯರನ್ನು ಕರಿ ಅನ್ನುತ್ತವೆ, ಎರಡು ದಿನ ಮುಟ್ಟದಿದ್ದರೆ ಎಲ್ಲಿ ಹೋದೆ ಅಂತ ಕೇಳುತ್ತವೆ. ಹಳೆಯವು ಏನೂ ಕೇಳುವುದಿಲ್ಲ. ಹೆಸರು ಕೂಡ. ಮುಚ್ಚಿದರೆ ಮುಚ್ಚಿಕೊಳ್ಳುತ್ತವೆ, ತೆರೆದರೆ ನಿನ್ನೆ ಹೇಗಿದ್ದವೋ ಹಾಗೇ ಇರುತ್ತವೆ. ದಿನವಿಡೀ ಜನರ ನಡುವೆ ಇದ್ದು ಸುಸ್ತಾದವಳಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಯಾರೂ ಕೊಟ್ಟಿರಲಿಲ್ಲ.

ಎರಡನೆಯ ದಿನ ಪಾಠ ಮಾಡೋಣವೆಂದುಕೊಂಡಳು. ಮಕ್ಕಳು ಬಾಗಿಲಲ್ಲೇ "ಮಿಸ್, ಹಾವಿನ ಆಟ!" ಎಂದವು. ಹೀಗೇ ಮಳೆಗಾಲ ಕಳೆಯಿತು.

ಕೆಲಸ ಕೆಟ್ಟದ್ದು ಇಲ್ಲಿಂದಲ್ಲ, ಹೊಗಳಿಕೆಯಿಂದ. ಮುಖ್ಯೋಪಾಧ್ಯಾಯ ರುದ್ರಮೂರ್ತಿಯವರು ಒಂದು ದಿನ ಕಿಟಕಿಯಲ್ಲಿ ಇಣುಕಿ, ಮಕ್ಕಳು ಗಲಾಟೆಯಿಲ್ಲದೆ ಮೌಸ್ ಹಿಡಿದು ಕೂತಿದ್ದನ್ನು ಕಂಡು ದಂಗಾದರು. ಸ್ಟಾಫ್ ರೂಮಿನಲ್ಲಿ "ನಮ್ಮ ಮೇಡಂದು ಬೇರೆಯೇ ವಿಧಾನ ಕಣ್ರೀ. ಬಾಯಿ ತೆಗೆಯಲ್ಲ, ಮಕ್ಕಳು ತಾವೇ ಕಲಿತಾವೆ" ಎಂದು ಸಾರಿದರು. ಬಾಯಿ ತೆಗೆಯದವಳು ಆಗಲೂ ತೆಗೆಯಲಿಲ್ಲ. ಮನೆಯಲ್ಲಿ ಅಮ್ಮಿ ನಜೀರಾ, "ಮನೆಗೆ ನೆಂಟರು ಬಂದರೆ ಅಡುಗೆಮನೆ ಸೇರೋ ಹುಡುಗಿ, ಅಲ್ಲಿ ಒಂದು ಕ್ಲಾಸನ್ನೇ ಆಳ್ತಾಳೆ" ಎಂದು ಓಣಿಯವರಿಗೆಲ್ಲ ದಖನಿ ಉರ್ದುವಿನಲ್ಲಿ ಹೇಳಿಕೊಂಡು ಬಂದಳು. ಪ್ರತಿ ಹೊಗಳಿಕೆಯೂ ಹೆಗಲ ಮೇಲೆ ಒಂದೊಂದು ಚೀಲ ಇಟ್ಟಂತಾಗುತ್ತಿತ್ತು.

ರೈಲಿನಲ್ಲಿ ಡೈರಿ ಬರೆದ ಮಾರನೆಯ ದಿನ ಬಿಸಿಯೂಟದ ಹೊತ್ತಿಗೆ ರುದ್ರಮೂರ್ತಿಯವರು ಅವಳನ್ನು ಕರೆಸಿದರು.

"ಮದೀಹಾ ಮೇಡಂ, ಒಂದು ಸಿಹಿ ಸುದ್ದಿ, ಒಂದು ತಲೆನೋವು. ಸಿಹಿ ಏನಪ್ಪಾ ಅಂದ್ರೆ, ಶನಿವಾರ ತರೀಕೆರೇಲಿ ಶಿಕ್ಷಕರ ತರಬೇತಿ. ನಿಮ್ಮ ವಿಧಾನದ ಬಗ್ಗೆ ನೀವೇ ಮಾತಾಡ್ತೀರಿ. ನಿಮ್ಮ ಹೆಸರು ಕೊಟ್ಟಾಯ್ತು."

ಮದೀಹಾಳ ಕಿವಿಯಲ್ಲಿ ಗುಂಯ್ ಎಂದಿತು. "ಸರ್..."

"ತಲೆನೋವು ಈಗ ಬತ್ತಾ ಇದೆ. ಆ ಕೆಂಚಪ್ಪ, ನಮ್ಮ ಸ್ಕೂಲ್ ಕಮಿಟಿ ಎಸ್‌ಡಿಎಂಸಿ ಮೆಂಬರು, ಅಂತರಘಟ್ಟೆ ಕಡೆಯೋನು. ಸ್ಕೂಲಲ್ಲಿ ಇಸ್ಪೀಟ್ ಕಲಿಸ್ತಾರೆ ಅಂತ ಊರೆಲ್ಲ ಹಬ್ಬಿಸಿದಾನೆ. ನೀವೇನೂ ಮಾತಾಡ್ಬೇಡಿ. ಅದು ಆಟ ಅಲ್ಲ, ಕಲಿಕೆಯ ವಿಧಾನ ಅಂತ ನಾನು ಹೇಳ್ತೀನಿ. ನೀವು ತಲೆ ಆಡಿಸಿ ಸಾಕು. ಅದು ನಿಮಗೆ ಚೆನ್ನಾಗಿ ಬರುತ್ತೆ."

ಅವರು ನಕ್ಕರು. ಅವಳು ತಲೆ ಆಡಿಸಿದಳು. ಕೆಂಚಪ್ಪನ ಮುಂದೆಯೂ ಹೀಗೇ ತಲೆ ಆಡಿಸಿದರೆ ಶನಿವಾರ ತರೀಕೆರೆಯಲ್ಲಿ ಒಂದು ಹಾಲ್ ತುಂಬ ಮೇಷ್ಟ್ರುಗಳ ಮುಂದೆ ನಿಲ್ಲಬೇಕು, ಇಲ್ಲದ ವಿಧಾನದ ಬಗ್ಗೆ ಮಾತಾಡಬೇಕು. ಆಡಿಸದಿದ್ದರೆ ಇಸ್ಪೀಟ್ ಕಲಿಸಿದ ಮೇಡಂ ಎಂದು ಮನೆಗೆ ಹೋಗಬೇಕು. ಅತಿಥಿಯನ್ನು ಕಳಿಸಲು ಕಾರಣವನ್ನೇನೂ ಯಾರೂ ಹುಡುಕಬೇಕಾಗಿಲ್ಲ.

ಕೆಂಚಪ್ಪ ಬಂದ. ಹೆಗಲ ಮೇಲೆ ಟವಲ್ಲು, ಕೈಯಲ್ಲಿ ಮೊಮ್ಮಗಳು ಮಾನಸಳ ರಟ್ಟೆ. ಹುಡುಗಿಯ ಮುಖ ಆಗಷ್ಟೇ ಅತ್ತು ಮುಗಿಸಿದಂತಿತ್ತು.

"ಏನ್ ಮೇಷ್ಟ್ರೇ, ಸರ್ಕಾರದ ಸ್ಕೂಲೋ, ಕ್ಲಬ್ಬೋ? ಮೊನ್ನೆ ಜಗಲಿ ಮೇಲೆ ಇವಳಜ್ಜಿ ಕೆಂಚಮ್ಮ ಅವರೆಕಾಯಿ ಸುಲೀತಾ ಕೂತಿದ್ಲು. ಇವಳು ಅಜ್ಜಿಗೆ ಪಾಠ ಹೇಳ್ತಾವ್ಳೆ! ಕೆಂಪು ರಾಣಿ ಕರೀ ರಾಜನ ಮೇಲೆ ಕೂರ್ಬೇಕಂತೆ, ಎಕ್ಕ ಸಿಕ್ಕಿದ್ರೆ ಮೇಲೆ ಕಳಿಸ್ಬೇಕಂತೆ! ನಮ್ ಕಡೆ ಹಬ್ಬದಲ್ಲಿ ಎಲೆ ಹಿಡಿದ್ರೂ ಪೊಲೀಸ್ರು ಜೀಪ್ ತತ್ತಾರೆ. ಇಲ್ಲಿ ಬೆಲ್ ಹೊಡೆದು ಆಡಿಸ್ತೀರಾ?"

"ಕೆಂಚಪ್ಪೋರೆ, ಕೂತ್ಕೊಳ್ಳಿ. ಅದು ಇಸ್ಪೀಟಲ್ಲ. ಕಲಿಕೆಯ ವಿಧಾನ. ಎಲೆ ಎಳೆದು ಇಡೋದ್ರಿಂದ ಕೈಗೆ ಮೌಸ್ ಹಿಡಿತ ಬರುತ್ತೆ."

"ಎಳೆಯೋದು, ಇಡೋದು! ಅಂದರ್ ಬಾಹರ್‌ನಲ್ಲೂ ಅದೇ ಮಾಡೋದು ಕಣ್ರೀ. ತೋರಿಸಿ, ನೋಡ್ತೀನಿ."

ಕಂಪ್ಯೂಟರ್ ಕೋಣೆಯಲ್ಲಿ ಮಧ್ಯಾಹ್ನದ ಸೆಕೆ ಕವಿದಿತ್ತು. ಮದೀಹಾ ಆಟ ತೆರೆದು ಪಕ್ಕಕ್ಕೆ ಜರುಗಿದಳು. ಮಾನಸ ಸ್ಟೂಲಿನ ತುದಿಯಲ್ಲಿ ಕೂತಳು. ಹಸಿರು ಹಾಸಿನ ಮೇಲೆ ಎಲೆಗಳು ಸಾಲಾಗಿ ಬಿದ್ದವು. ಕೆಂಚಪ್ಪ ಟವಲ್ಲಿನಿಂದ ಕಣ್ಣೊರೆಸಿಕೊಂಡು ಬಗ್ಗಿದ.

"ಎದುರಿಗೆ ಯಾರ್ ಆಡ್ತಾವ್ರೆ?"

"ಯಾರೂ ಇಲ್ಲ ತಾತ."

"ಯಾರೂ ಇಲ್ಲ ಅಂದ್ರೆ? ಮತ್ತೆ ಯಾರ ಕೈಲಿ ಸೋಲೋದು?"

"ಯಾರ ಕೈಲೂ ಇಲ್ಲ. ಎಲೆ ಕೂರದಿದ್ರೆ ಸೋತಂಗೆ, ಕೂತ್ರೆ ಗೆದ್ದಂಗೆ."

"ಪಣ?"

"ಪಣ ಅಂದ್ರೇನು ತಾತ?"

ಕೆಂಚಪ್ಪ ಇನ್ನಷ್ಟು ಬಗ್ಗಿದ. ಪರದೆಯನ್ನೇ ನೋಡುತ್ತಿದ್ದ. ಮಾನಸ ಒಂದು ಎಲೆ ಎತ್ತಲು ಹೋಗಿ ತಡೆದಳು. ಇನ್ನೊಂದರ ಮೇಲೆ ಬಾಣದ ಗುರುತು ಓಡಾಡಿತು.

"ಲೇ, ಅಲ್ಲಲ್ಲ. ಆ ಕೆಂಪು ಆಟೀನ್ ಒಂಬತ್ತು ಎತ್ತು. ಕರೀ ಇಸ್ಪೀಟ್ ಹತ್ತರ ಮೇಲೆ ಇಡು. ಹೂಂ! ಅದರಡಿ ಏನೈತೆ ತೆಗಿ... ನೋಡ್ದಾ, ಗುಲಾಮ! ನಾನ್ ಹೇಳ್ಲಿಲ್ವಾ?"

ರುದ್ರಮೂರ್ತಿಯವರು ಮದೀಹಾಳ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ಕೆಂಚಪ್ಪ ಆಗಲೇ ಇನ್ನೊಂದು ಸ್ಟೂಲು ಎಳೆದುಕೊಂಡಿದ್ದ. ಮೊಮ್ಮಗಳ ಕೈ ಮೌಸಿನ ಮೇಲೆ, ಅಜ್ಜನ ಬೆರಳು ಪರದೆಯ ಮೇಲೆ. ಮೊದಲು ಬೇಗ ಬೇಗ ನಡೆಯಿತು. ಆಮೇಲೆ ನಿಧಾನವಾಯಿತು. ಕಡೆಗೆ ನಿಂತೇಹೋಯಿತು.

"ಇನ್ನು ಆಗಲ್ಲ ತಾತ. ಸಿಕ್ಕಾಕ್ಕೊಂಡೈತೆ. ಹೊಸದು ಹಾಕ್ಬೇಕು."

"ಕೂರದಿದ್ರೂ ಒಂದು ಎಲೆ ಹಿಂಗೆ ಮಡಗಿ ಮುಂದಕ್ಕೆ ಹೋಗಕ್ಕೆ ಬರಲ್ವಾ?"

"ಅದು ಮೋಸ ತಾತ."

"ಯಾರೂ ನೋಡ್ತಿಲ್ವಲ್ಲೇ."

"ಯಾರೂ ನೋಡ್ತಿಲ್ಲ. ಯಾರಿಗೆ ಮೋಸ ಮಾಡ್ತೀಯ?"

ಕೆಂಚಪ್ಪ ಗೊಳ್ಳನೆ ನಕ್ಕುಬಿಟ್ಟ. ಹಲ್ಲಿಲ್ಲದ ಕಡೆಯಿಂದ ಉಸಿರು ಸಿಳ್ಳೆಯಾಗಿ ಬಂತು. ಮಾನಸಳೂ ನಕ್ಕಳು. ಹೊರಗೆ ಮಕ್ಕಳು ತಟ್ಟೆ ತೊಳೆಯುವ ಸದ್ದಾಗುತ್ತಿತ್ತು.

ಮದೀಹಾ ನಗಲಿಲ್ಲ. ಮಾನಸಳ ಮಾತು ಅವಳಿಗೇ ಬಂದು ತಾಗಿತ್ತು. ಈ ಆಟವನ್ನು ಅವಳೂ ಎಷ್ಟೋ ವರ್ಷ ಆಡಿದ್ದಳು. ಅಬ್ಬಾನ ಅಂಗಡಿಯಲ್ಲಿ ತಾಮ್ರದ ತಂತಿಯ ವಾಸನೆಯ ನಡುವೆ ಕೂತು, ಎಲೆ ಸಿಕ್ಕಿಹಾಕಿಕೊಂಡಾಗಲೆಲ್ಲ ಬೇಸರವಿಲ್ಲದೆ ಹೊಸದಾಗಿ ಹಂಚಿಕೊಂಡಿದ್ದಳು. ಅಲ್ಲಿ ಒಂದು ಸಲವೂ ತನಗೆ ತಾನು ಸುಳ್ಳು ಹೇಳಿಕೊಂಡಿರಲಿಲ್ಲ. ಇಲ್ಲಿ ಜೂನ್‌ನಿಂದ ಒಂದೇ ಸುಳ್ಳಿನ ಮೇಲೆ ಎಲೆ ಪೇರಿಸಿಕೊಂಡು ಬಂದಿದ್ದಳು. ಅದೂ ಬಾಯಿಬಿಟ್ಟು ಹೇಳಿದ ಸುಳ್ಳಲ್ಲ, ಸುಮ್ಮನಿದ್ದು ಬೆಳೆಸಿದ್ದು. ಇನ್ನು ಕೂರಿಸಲು ಜಾಗವಿರಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ ಅವಳಿಗೆ ದಣಿವಾಗಿತ್ತು.

"ನೋಡಿದ್ರಲ್ಲ ಕೆಂಚಪ್ಪೋರೆ" ಎಂದರು ರುದ್ರಮೂರ್ತಿ. ದನಿಗೆ ಭಾಷಣದ ಧಾಟಿ ಬರತೊಡಗಿತ್ತು. "ಇದೇ ನಾನು ಹೇಳಿದ್ದು. ನಮ್ಮ ಮೇಡಂ ತಾವೇ ಯೋಚನೆ ಮಾಡಿ ಕಟ್ಟಿರೋ ವಿಧಾನ. ಶಿಕ್ಷಕರು ಮೌನವಾಗಿರೋದು, ಮಕ್ಕಳು ತಾವೇ ಕಂಡ್ಕೊಳ್ಳೋದು. ಶನಿವಾರ ತರೀಕೆರೇಲಿ ಇದರ ಬಗ್ಗೆ ಮಾತಾಡ್ತಾರೆ. ಅಲ್ವಾ ಮೇಡಂ?"

ಅವರು ತಲೆ ಆಡುವುದನ್ನು ಕಾದರು. ಮದೀಹಾಳ ತಲೆ ಅಭ್ಯಾಸದಂತೆ ಅರ್ಧ ಬಗ್ಗಿ, ಅಲ್ಲೇ ನಿಂತಿತು.

ಕೆಂಚಪ್ಪ ಅದನ್ನು ನೋಡಿದ. ಸ್ಟೂಲಿನ ಮೇಲೆ ಅವಳತ್ತ ತಿರುಗಿದ. ದನಿಯಲ್ಲಿ ಬಂದಾಗಿನ ಬಿರುಸು ಇರಲಿಲ್ಲ.

"ಮೇಷ್ಟ್ರು ಬಿಡಮ್ಮಾ, ಅವರು ಮದುವೆ ಮನೇಲೂ ಭಾಷಣ ಮಾಡೋರೇ. ಆಟ ಚೆನ್ನಾಗೈತೆ, ಇಲ್ಲ ಅನ್ನಲ್ಲ. ನಮ್ ಹುಡುಗೀಗೆ ಕೈ ಹಿಡಿತಾನೂ ಬಂದೈತೆ, ಕಣ್ಣಾರೆ ಕಂಡೆ. ಆದ್ರೆ ಊರಲ್ಲಿ ಕೇಳ್ತಾರೆ, ನಾನೇನಾದ್ರೂ ಹೇಳ್ಬೇಕಲ್ಲ. ನೀವೇ ಹೇಳಿ ಮೇಡಮ್ಮೋರೆ. ಪಾಠ ಬಿಟ್ಟು ಇದನ್ನ ಯಾಕೆ ಆಡಿಸಿದ್ರಿ?"

"ಅವರು ಜಾಸ್ತಿ ಮಾತಾಡಲ್ಲ ಕೆಂಚಪ್ಪೋರೆ, ನಾನೇ..."

"ನಿಮ್ಮನ್ನ ಕೇಳ್ಲಿಲ್ಲ ಮೇಷ್ಟ್ರೇ."

ಕರೆಂಟ್ ಹೋಯಿತು. ಫ್ಯಾನು ನಿಧಾನವಾಗುತ್ತಾ ನಿಂತಿತು. ಯುಪಿಎಸ್ ಕಿರುಚತೊಡಗಿತು. ಮಾನಸ ಗಡಬಡಿಸಿ, ಯಾರೂ ಹೇಳದೆಯೇ ಆಟ ಮುಚ್ಚಿ, ಕಂಪ್ಯೂಟರನ್ನು ಸರಿಯಾದ ಕ್ರಮದಲ್ಲಿ ಆರಿಸಿದಳು. ಇದನ್ನು ಇವಳಿಗೆ ಹೇಳಿಕೊಟ್ಟದ್ದು ಯಾವಾಗ ಎಂದು ಮದೀಹಾಳಿಗೆ ನೆನಪಾಗಲಿಲ್ಲ. ಒಂದು ಸಲ ತಾನು ಮಾಡಿದ್ದನ್ನು ನೋಡಿ ಕಲಿತಿದ್ದಿರಬೇಕು. ಪರದೆ ಕಪ್ಪಾದಾಗ ಅದರಲ್ಲಿ ನಾಲ್ವರ ಮುಖಗಳೂ ಮಸುಕಾಗಿ ಕಂಡವು. ಮೂವರು ಅವಳನ್ನೇ ನೋಡುತ್ತಿದ್ದರು.

ಜರುಗಲು ಪಕ್ಕದಲ್ಲಿ ಜಾಗವಿರಲಿಲ್ಲ. ಬೆನ್ನಿಗೆ ಗೋಡೆ ತಾಗಿತ್ತು. ಕುತ್ತಿಗೆ ಮೊದಲ ದಿನದಂತೆಯೇ ಬೆವರಿತ್ತು. ಬಾಯಿಪಾಠ ಮಾಡಿದ ಯಾವ ಮಾತೂ ಇರಲಿಲ್ಲ, ಹಾಗಾಗಿ ಮರೆಯುವುದಕ್ಕೂ ಏನೂ ಇರಲಿಲ್ಲ. ಬಾಯಿ ತೆರೆದಾಗ ಬಂದ ದನಿ ಅವಳಿಗೇ ಗುರುತು ಹತ್ತದಷ್ಟು ದೊಡ್ಡದಾಗಿತ್ತು.

"ವಿಧಾನ ಗಿಧಾನ ಏನೂ ಅಲ್ಲ. ಮಕ್ಕಳ ಮುಂದೆ ನಿಂತು ಮಾತಾಡೋಕೆ ನನಗೆ ಭಯ. ಅದಕ್ಕೇ ಆಡಿಸಿದೆ."