ಶೀಲ್ಡ್ ಒಳಗೆ ಬಂದ ಕಿಡಿ

ಬೆಂಕಿಯ ಜೊತೆ ಬಾಳುವವರಿಗೆ ಮೈಮೇಲೆ ಒಂದೆರಡು ಗುಳ್ಳೆ ಏಳುವುದು ದೊಡ್ಡ ಸುದ್ದಿಯೇ? ವೆಲ್ಡಿಂಗ್ ಅಂಗಡಿಯ ಕಿಡಿಯಣ್ಣನೂ ಹಾಗೇ ಅಂದುಕೊಂಡ. ಬಲಗಡೆಯ ಹಣೆ ಉರಿಯುತ್ತಿತ್ತು, ಗುಳ್ಳೆಗಳು ಹುಬ್ಬಿನವರೆಗೆ ಇಳಿದಿದ್ದವು, ಕಣ್ಣು ಕೆಂಪಾಗಿತ್ತು. ಸುಟ್ಟಗಾಯದ ಮುಲಾಮು ಬಳಿದುಕೊಂಡು ಗೇಟಿನ ಸರಳಿಗೆ ಸರಳು ಬೆಸೆಯುತ್ತ ಕೂತ. ಡಾಕ್ಟರಿಗೆ ತೋರಿಸಿ ಎಂದು ಹೆಂಡತಿ ಹೇಳಿ ಹೇಳಿ ಸಾಕಾಗಿ, ಔಷಧ ಸಂಶೋಧನೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನಾದಿನಿಗೆ ಫೋನ್ ಮಾಡಿದಳು. ಅವಳು ಸ್ಕೂಟರ್ ನಿಲ್ಲಿಸಿದವಳೇ ಅಂಗಡಿಗೆ ನುಗ್ಗಿದಳು.

“ಏನಣ್ಣಾ ಇದು?”

“ಕಿಡಿ ಹಾರ್ತು ಕಣೇ. ಕಣ್ಣಿಗೂ ವೆಲ್ಡಿಂಗ್ ಬೆಳಕು ಹೊಡೆದಿದೆ. ನಮಗಿದು ಇದ್ದಿದ್ದೇ.”

“ಮುಖಕ್ಕೆ ಶೀಲ್ಡ್ ಹಾಕ್ಕೊಂಡಿರ್ಲಿಲ್ವಾ?”

“ಹಾಕ್ದೆ ಇರ್ತೀನಾ? ನನಗೇನು ತಲೆ ಕೆಟ್ಟಿದ್ಯಾ?”

“ಮತ್ತೆ ಕಿಡಿ ಒಳಗೆ ಹೇಗೆ ಬಂತು? ಬಂದಿದ್ದು, ಗೆರೆ ಎಳೆದ ಹಾಗೆ ಬಲಗಡೆ ಮಾತ್ರ ಯಾಕೆ ಕೂತ್ಕೊಳ್ತು?”

ಕಿಡಿಯಣ್ಣ ಹಣೆ ಮುಟ್ಟಿ ನೋಡಿಕೊಂಡ. ಗುಳ್ಳೆ ಏಳುವ ಮೊದಲೇ ಅಲ್ಲಿ ಚುಚ್ಚುತ್ತಿದ್ದುದು ಈಗ ನೆನಪಾಯಿತು.

“ಇದು ಸರ್ಪಸುತ್ತು ಇರ್ಬೇಕು. ಚಿಕ್ಕೋನಿದ್ದಾಗ ನಿನಗೆ ಚಿಕನ್‌ಪಾಕ್ಸ್ ಆಗಿತ್ತಲ್ಲ, ಅದೇ ವೈರಸ್ ನರದಲ್ಲಿ ಅಡಗಿ ಕೂತಿದ್ದು ಈಗ ಎದ್ದಿದೆ. ಕಣ್ಣಿಗಿಳಿದ್ರೆ ದೃಷ್ಟಿನೇ ಹೋಗ್ಬಹುದು. ನಡಿ ಆಸ್ಪತ್ರೆಗೆ!”

“ಈ ಗೇಟ್ ಮುಗಿಸಿ ಬರ್ತೀನಿ ತಾಳೇ. ಅಲ್ಲಾ, ವೈರಸ್‌ಗೆ ಮಾತ್ರೆನೇ ಇಲ್ಲ ಅಂತಾರಲ್ಲ?”

“ಇದಕ್ಕಿದೆ. ನೀನು ಸರಳಿಗೆ ಸರಳು ಬೆಸೆಯೋ ಹಾಗೆ, ವೈರಸ್ಸು ನ್ಯೂಕ್ಲಿಯೋಸೈಡ್ ಅನ್ನೋ ಸಣ್ಣ ಸಣ್ಣ ತುಂಡು ಜೋಡಿಸಿ ತನ್ನ ನಕಲು ಮಾಡ್ಕೊಳ್ಳುತ್ತೆ. ವಿಜ್ಞಾನಿಗಳು ಅದೇ ಥರದ ತುಂಡು ಮಾಡಿ, ಮುಂದಿನದು ಅಂಟೋ ತುದಿನೇ ತೆಗೆದುಬಿಟ್ಟಿದಾರೆ. ವೈರಸ್ಸು ಮೋಸ ಹೋಗಿ ಅದನ್ನೇ ಜೋಡಿಸುತ್ತೆ. ಆಮೇಲೆ?”

ಕಿಡಿಯಣ್ಣ ಕೈಯಲ್ಲಿದ್ದ ಸರಳನ್ನು ನೋಡಿದ. “ಬೆಸುಗೆ ಹಿಡಿಯೋಕೆ ಜಾಗಾನೇ ಇಲ್ಲ. ಕೆಲಸ ಅಲ್ಲಿಗೇ ನಿಂತ್ಹೋಯ್ತು!”

“ನಮ್ಮ ಲ್ಯಾಬಲ್ಲಿ ಇಂಥ ತಿದ್ದಿದ ತುಂಡುಗಳದ್ದೇ ಕೆಲಸ. ಎಚ್‌ಐವಿ ಮಾತ್ರೆಗಳಲ್ಲೂ ಕೆಲವು ಇದೇ ಜಾತಿಯವು. ಆದ್ರೆ ಆಗಲೇ ಹಾಳಾಗಿದ್ದನ್ನ ಈ ಮಾತ್ರೆ ಸರಿ ಮಾಡಲ್ಲ ಅಣ್ಣಾ.” ಅವಳು ಸರಳನ್ನು ಅವನ ಕೈಯಿಂದ ಕಿತ್ತು ಪಕ್ಕಕ್ಕಿಟ್ಟಳು. “ಕಣ್ಣು ಹೋದ್ರೆ ಯಾವ ಗೇಟ್ ಮಾಡ್ತೀಯಾ?”

ಅವನಿಗೆ ನಿಜಕ್ಕೂ ಭಯವಾಯಿತು. ಶೀಲ್ಡನ್ನು ಗೋಡೆಗೆ ನೇತುಹಾಕಿ ಸ್ಕೂಟರ್ ಹತ್ತಿದ.

ವೈದ್ಯರು ಸರ್ಪಸುತ್ತೇ ಎಂದರು. ಕಣ್ಣನ್ನೂ ಪರೀಕ್ಷಿಸಿ ಮಾತ್ರೆ ಬರೆದುಕೊಟ್ಟರು. ಗುಳ್ಳೆ ಒಣಗಿದ್ದೇ ತಡ, ನಮ್ಮ ಕಿಡಿಯಣ್ಣ ಮಾತ್ರೆ ಪಕ್ಕಕ್ಕಿಟ್ಟ. “ಅರ್ಧ ಬೆಸೆದ ಗೇಟ್ ಯಾರಿಗಾದ್ರೂ ಕೊಟ್ಟಿದ್ದೀರೇನ್ರೀ?” ಎಂದು ಹೆಂಡತಿ ನೀರಿನ ಲೋಟ ಮುಂದೆ ಹಿಡಿದಳು. ತೆಪ್ಪಗೆ ನುಂಗಿದ. ಹಣೆಯ ಉರಿ ಇನ್ನೂ ಕೆಲವು ವಾರ ಕಾಡಿತು, ಆದರೆ ಕಣ್ಣು ಉಳಿಯಿತು. ಆ ಗೇಟನ್ನು ಅವನೇ ಮುಗಿಸಿದ.

ಕೇಳಿದಿರಲ್ಲ? ಮೈಯ ಒಂದೇ ಕಡೆ ಉರಿದು ಗುಳ್ಳೆ ಎದ್ದರೆ ನೀವೇ ವೈದ್ಯರಾಗಬೇಡಿ. ಮೂರು ದಿನದೊಳಗೆ ಆಸ್ಪತ್ರೆಗೆ ಹೋಗಿ. ಕಣ್ಣಿನ ಹತ್ತಿರವಾದರೆ ಅವತ್ತೇ ಹೊರಡಿ. ತಡವಾಗಿದ್ದರೂ ಹೋಗಿ, ಕೊಟ್ಟ ಮಾತ್ರೆಯನ್ನು ಪೂರ್ತಿ ನುಂಗಿ. ಕೈಯಲ್ಲಿರುವ ಕೆಲಸವನ್ನು ನಾಳೆ ಮಾಡಿದರಾಯಿತು, ಹೋದ ಕಣ್ಣು ಮಾತ್ರ ನಾಳೆ ಬರುವುದಿಲ್ಲ.