ಗುಂಪಿನ ಆಕಾರ

ಎದ್ದು ನಿಲ್ಲುವುದು ಅಂಥ ಕಷ್ಟದ ಕೆಲಸವೇನಲ್ಲ, ಮಂಡಿಗಳು ಒಪ್ಪಿದರೆ ಸಾಕು ಎಂದುಕೊಳ್ಳುತ್ತ ಅವನು ಮೂರನೆಯ ಸಾಲಿನಲ್ಲಿ ಕೂತೇ ಇದ್ದ.

ವೇದಿಕೆಯ ಮೇಲೆ ನಿರ್ದೇಶಕರು ಸಂಸ್ಥೆಯ ಮುಂದಿನ ದಾರಿಯ ಬಗ್ಗೆ ಮಾತಾಡುತ್ತಿದ್ದರು. ಆ ದಾರಿ ನೇರವಾಗಿ ಅವನ ಪ್ರಯೋಗಾಲಯದ ಮೇಲೇ ಹಾದುಹೋಗುತ್ತಿತ್ತು. ಮೀನಿನ ತೊಟ್ಟಿಗಳಿದ್ದಲ್ಲಿ ಇನ್ನು ಅತಿಥಿಗಳ ಕೋಣೆ ಬರುತ್ತದೆ, ಮೆತ್ತನೆಯ ಸೋಫಾಗಳ ಸಮೇತ. ಇವತ್ತು ಯಾರೂ ತಕರಾರು ಎತ್ತದಿದ್ದರೆ ಅದು ಖಾಯಂ.

ಸಂಸ್ಥೆಯಲ್ಲಿ ಎಲ್ಲರಿಗೂ ಅವನು ಮೀನು ಮೇಷ್ಟ್ರು. ಇಡೀ ವೃತ್ತಿಜೀವನ ಕಳೆದದ್ದು ಒಂದೇ ಪ್ರಶ್ನೆಯ ಬೆನ್ನು ಹತ್ತಿ: ನೂರಾರು ಮೀನು ಒಟ್ಟಿಗೆ ತಿರುಗುವಾಗ, ತಿರುಗಿ ಎಂದವರು ಯಾರು? ಯಾರೂ ಅಲ್ಲ. ಪ್ರತಿ ಮೀನೂ ಅಕ್ಕಪಕ್ಕದ ಎರಡು ಮೂರನ್ನಷ್ಟೇ ನೋಡುತ್ತದೆ. ಗುಂಪಿನ ಆಕಾರ ಯಾವ ಮೀನಿಗೂ ಗೊತ್ತಿಲ್ಲ. ಒಂದೊಂದನ್ನೇ ಸೀಳಿ ನೋಡಿದರೂ ಒಳಗೆ ಗುಂಪು ಸಿಗುವುದಿಲ್ಲ.

ಸಭೆಯಲ್ಲಿ ಹೇಳಬೇಕಾದ ಈ ಮಾತನ್ನು ಬೆಳಿಗ್ಗೆ ಹೆಂಡತಿಯ ಮುಂದೆ ಅಭ್ಯಾಸ ಮಾಡಿದ್ದ.

"ಹಾಗಾದ್ರೆ ಗುಂಪು ಎಲ್ಲಿರತ್ತೆ?" ಅವಳು ಲೋಟ ಒರೆಸುತ್ತ ಕೇಳಿದ್ದಳು.

"ನಡುವೆ."

"ಸಂಸಾರದ ಥರ ಅನ್ನಿ. ನಿಮ್ಮನ್ನೂ ನನ್ನನ್ನೂ ಕೊಯ್ದು ನೋಡಿದ್ರೆ ಏನೂ ಸಿಗಲ್ಲ."

"ತಮಾಷೆ ಅಲ್ಲ ಇದು."

"ನಾನೆಲ್ಲಿ ತಮಾಷೆ ಮಾಡ್ದೆ? ಇವತ್ತಾದ್ರೂ ಬಾಯಿ ಬಿಡ್ತೀರೋ, ಅಲ್ಲೂ ಮೀನಮೇಷ ಎಣಿಸ್ತಾ ಕೂತ್ಕೊಳ್ತೀರೋ?"

ಅವನು ಷರಟಿನ ಗುಂಡಿ ನೋಡಿಕೊಂಡಿದ್ದ.

ಕಾರಿಡಾರಿನಲ್ಲಿ ಧೈರ್ಯಕ್ಕೇನೂ ಬರವಿರಲಿಲ್ಲ. "ಅನ್ಯಾಯ ಇದು. ನೀವು ಎದ್ದೇಳಿ ಮೇಷ್ಟ್ರೇ, ನಿಮ್ಮ ಬೆನ್ನಿಗೆ ನಾವಿದ್ದೀವಿ," ಎಂದಿದ್ದರು ಸಸ್ಯಶಾಸ್ತ್ರದವರು.

"ನೀವೇ ಯಾಕೆ ಮೊದಲು ಏಳಬಾರದು?"

"ಮೀನು ನಿಮ್ದಲ್ವಾ," ಎಂದು ಗಣಿತದಾಕೆ ನಕ್ಕಿದ್ದಳು.

ಬೆನ್ನಿಗಿರುವುದರಲ್ಲಿ ಒಂದು ಅನುಕೂಲವಿದೆ: ಮುಂದೆ ಇನ್ನೊಬ್ಬ ಇರುತ್ತಾನೆ. ಈಗ ಇಬ್ಬರೂ ಕೊಟ್ಟ ಮಾತಿನಂತೆ ಸರಿಯಾಗಿ ಅವನ ಬೆನ್ನಿಗೇ, ನಾಲ್ಕನೆಯ ಸಾಲಿನಲ್ಲಿ ಕೂತಿದ್ದರು.

"ಆದ್ದರಿಂದ ಆ ಜಾಗವನ್ನು ತೆರವು ಮಾಡಲು ತೀರ್ಮಾನಿಸಿದ್ದೇವೆ. ವಂದನೆಗಳು," ಎಂದು ನಿರ್ದೇಶಕರು ಕನ್ನಡಕ ತೆಗೆದರು.

ಅವನು ಎದ್ದ.

ಸ್ವತಃ ಅವನಿಗೇ ಆಶ್ಚರ್ಯವಾಯಿತು. ಬಾಯಿ ತೆರೆದ. ಒಮ್ಮೆ ಕೆಮ್ಮಿ ಮಾತು ಶುರುಮಾಡುವಷ್ಟರಲ್ಲಿ ಹಿಂದೆ ಕುರ್ಚಿಗಳು ಕಿರುಗುಟ್ಟಿದವು. ಸಸ್ಯಶಾಸ್ತ್ರದವರು ಎದ್ದಿದ್ದರು. ಗಣಿತದಾಕೆಯೂ. ಮಾತು ಉಳಿಸಿಕೊಂಡಿದ್ದರು. ಅವನ ಎದೆ ತುಂಬಿ ಬಂತು.

ಅವರ ಹಿಂದಿನವರಿಗೆ ಕಂಡದ್ದು ಮೂರು ಬೆನ್ನು. ಭಾಷಣ ಮುಗಿದಿದೆ, ಹಿರಿಯರು ಎದ್ದು ನಿಂತಿದ್ದಾರೆ; ಇದಕ್ಕೆ ಇನ್ನೇನು ಅರ್ಥ? ಐದನೆಯ ಸಾಲು ಎದ್ದು ಚಪ್ಪಾಳೆ ತಟ್ಟಿತು. ಆರನೆಯದು ಐದನೆಯದನ್ನು ನೋಡಿತು. ಬಾಲ್ಕನಿ ಕೆಳಗೆ ನೋಡಿತು. ಇಷ್ಟು ಜನ ನಿಂತ ಮೇಲೆ ಕೂತಿರುವುದು ಅಪರಾಧವೆನಿಸಿ ಮುಂದಿನ ಎರಡು ಸಾಲುಗಳೂ ಎದ್ದವು. ಅವನೊಳಗಿನ ವಿಜ್ಞಾನಿ ಒಂದು ಕ್ಷಣ ಮೈಮರೆತ. ಎಷ್ಟು ಚೆಂದದ ತಿರುವು.

ನಿರ್ದೇಶಕರ ಕಣ್ಣು ಒದ್ದೆಯಾಯಿತು. "ಯಾರ ಪ್ರಯೋಗಾಲಯ ಹೋಗ್ತಿದೆಯೋ ಅವರೇ ಮೊದಲು ಎದ್ರು. ದೊಡ್ಡತನ ಅಂದ್ರೆ ಇದು. ಬನ್ನಿ ಸಾರ್, ಎರಡು ಮಾತು."

ಯಾರೋ ಮೊಣಕೈ ಹಿಡಿದು ವೇದಿಕೆ ಹತ್ತಿಸಿದರು. ಮೈಕು ಕೈಗೆ ಬಂತು. ಚಪ್ಪಾಳೆ ನಿಂತಿತು.

"ನಾನು ಎದ್ದದ್ದು ಇದಕ್ಕಲ್ಲ," ಎಂದ. "ವಿರೋಧಿಸೋಕೆ ಎದ್ದೆ."

ಎಲ್ಲೋ ಒಂದು ಮೂಗು ಸೊರ್ರೆಂದಿತು. ಅದರ ಪಕ್ಕದಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ನಗು ಸಾಲಿನಿಂದ ಸಾಲಿಗೆ ಉರುಳುತ್ತ ಬಾಲ್ಕನಿಯವರೆಗೂ ಹೋಗಿ ಬಂತು. ಮೀನು ಮೇಷ್ಟ್ರಿಗೆ ಇಷ್ಟೊಂದು ಹಾಸ್ಯ ಬರುತ್ತದೆಂದು ಯಾರಿಗೆ ಗೊತ್ತಿತ್ತು?

"ನಿಜವಾಗಿ," ಎಂದ. ನಗು ಇಮ್ಮಡಿಯಾಯಿತು. ನಿರ್ದೇಶಕರು ಅವನ ಭುಜ ತಟ್ಟಿದರು.

ಅವನು ಒಬ್ಬೊಬ್ಬರ ಮುಖವನ್ನೇ ಹುಡುಕಿ ನೋಡತೊಡಗಿದ. ಸಸ್ಯಶಾಸ್ತ್ರದವರು ನಗುತ್ತಿರಲಿಲ್ಲ, ತಲೆ ತಗ್ಗಿಸಿದ್ದರು. ಗಣಿತದಾಕೆ ನಗುತ್ತಿರಲಿಲ್ಲ. ಅವರ ಪಕ್ಕದವರೂ ಇಲ್ಲ, ಅದರಾಚೆಯವರೂ ಇಲ್ಲ. ಕಣ್ಣು ಹಾಯಿಸಿದಲ್ಲೆಲ್ಲ ಸ್ವಲ್ಪ ಗಾಬರಿ, ಸ್ವಲ್ಪ ದಣಿವು, ಮುಚ್ಚಿದ ತುಟಿ. ಸಭಾಂಗಣ ಮಾತ್ರ ಬಿದ್ದುಬಿದ್ದು ನಗುತ್ತಿತ್ತು. ಆ ನಗು ಯಾರದೆಂದು ಕಿವಿಗೊಟ್ಟು ನಿಂತವನಿಗೆ, ವೇದಿಕೆಯ ಫ್ಯಾನಿನ ಗಾಳಿ ತನ್ನದೇ ಕಿರಿದ ಹಲ್ಲುಗಳಿಗೆ ತಣ್ಣಗೆ ತಾಗುತ್ತಿರುವುದು ಅರಿವಿಗೆ ಬಂತು.