ಮರದ ಕಡೆಯ ಗೋಲು

ಪಂದ್ಯ ಶುರುವಾಗಿ ಕಾಲು ಗಂಟೆಯಾದರೂ ಮುಸ್ತಾಕ ಬಾಯಿ ಮುಚ್ಚಿರಲಿಲ್ಲ. ಮೂರು ವರ್ಷದಿಂದ ಅವನಿಗೆ ಆಟ ಕಲಿಸುತ್ತಿದ್ದ ಸವಿತಾ ಟೀಚರಿಗೆ ಅದು ಸರಿಕಾಣಲಿಲ್ಲ. ಮೊಣಕಾಲು ಕಿತ್ತುಹೋದರೂ ಹಲ್ಲು ಕಚ್ಚಿ ಸುಮ್ಮನಿರುವ ಹುಡುಗ ಅವನು. ಇವತ್ತು ಗೋಲಿನ ಮುಂದೆ ನಿಂತು ಹಿಂದಕ್ಕೆ ತಿರುಗಿ ತಿರುಗಿ ಕೂಗುತ್ತಿದ್ದ.

"ಚನ್ನ್ಯಾ, ಎಡಕ್ಕ! ಹಸಿರಂಗಿ ಅವ್ರು ಬಂದ್ರು ನೋಡಲೇ, ಹಸಿರಂಗಿ!"

ಹಸಿರಂಗಿಯವರು ಎದುರಾಳಿಗಳೆಂದು ಗೋಲ್‌ಕೀಪರಿಗೆ ಯಾಕೆ ಹೇಳಬೇಕು?

ಚನ್ನೇಶ ಎಡಕ್ಕೆ ಹಾರಿ ಚೆಂಡನ್ನು ಎದೆಗವಚಿಕೊಂಡ. ಗೆರೆಯಾಚೆ ಸಿಳ್ಳೆ ಬಿದ್ದವು. "ಎಂಥಾ ಕೈ ನೋಡ್ರಿ ಅವನ್ವು! ಹಾನಗಲ್ಲಿನವರು ಸಂಜಿತನಕಾ ಒದ್ದರೂ ಒಳಗ ಹೋಗೂದಿಲ್ಲ," ಎಂದು ವೇದವ್ಯಾಸ ಸರ್ ಛತ್ರಿ ಎತ್ತಿ ಕುಣಿಸಿದರು. ಅವರು ಗಣಿತದವರು. ಹುಡುಗರ ಜೊತೆ ಇನ್ನೊಬ್ಬರು ಇರಲೆಂದು ಹೆಡ್‌ಮಾಸ್ತರು ಕಳಿಸಿದ್ದರಿಂದ ಗೊಣಗುತ್ತಲೇ ಸವಣೂರಿಗೆ ಬಂದಿದ್ದರು.

ಹಂಸಭಾವಿಯ ಹುಡುಗರು ಫುಟ್‌ಬಾಲಿನಲ್ಲಿ ಜಿಲ್ಲಾ ಫೈನಲ್‌ವರೆಗೆ ಬಂದದ್ದು ಇದೇ ಮೊದಲು. ಹಿರೇಕೆರೂರು ತಾಲ್ಲೂಕಿನಲ್ಲಿ ಎದುರಿಗೆ ಇದ್ದದ್ದು ಒಂದೇ ತಂಡ, ಅದರಲ್ಲೂ ಒಂಬತ್ತೇ ಹುಡುಗರು. ಆ ಕಪ್ ಗೆದ್ದು ತಂದಾಗ ಊರಿನವರು ನಕ್ಕಿದ್ದರು, "ಕಬಡ್ಡಿ ಬಿಟ್ಟು ಇದೇನ ಹಚ್ಚೀಯವ್ವಾ ಹುಡುಗ್ರಿಗೆ" ಎಂದಿದ್ದರು. ಆಮೇಲಿನ ಎರಡು ಪಂದ್ಯಗಳಲ್ಲಿ ಚನ್ನೇಶ ಒಂದೂ ಗೋಲು ಬಿಡಲಿಲ್ಲ. ನಕ್ಕವರೇ ಈಗ ಬಾಡಿಗೆ ಟಂಟಂ ಗಾಡಿ ಮಾಡಿಕೊಂಡು ಬಂದು ನಿಂತಿದ್ದರು. ಅವರ ಮುಂದೆ ಚನ್ನೇಶನ ಅಪ್ಪ ಬಸವಣ್ಣೆಪ್ಪ, ಇಸ್ತ್ರಿಯ ಗೆರೆ ಇನ್ನೂ ಮಾಸದ ಬಿಳಿ ಅಂಗಿಯಲ್ಲಿ. ಕ್ರೀಡಾ ಹಾಸ್ಟೆಲ್ಲಿಗೆ ಹುಡುಗರನ್ನು ಆರಿಸುವವರು ಬಂದಿದ್ದಾರೆಂದು ಯಾರೋ ಹೇಳಿದ ಮೇಲೆ ಅವನು ಆಟಕ್ಕಿಂತ ಶಾಮಿಯಾನದ ಕೆಳಗಿನ ಕುರ್ಚಿಗಳನ್ನೇ ಹೆಚ್ಚು ನೋಡುತ್ತಿದ್ದ.

ಸವಿತಾ ಮಾತ್ರ ಚನ್ನೇಶನನ್ನೇ ನೋಡುತ್ತಿದ್ದಳು. ಮೊನ್ನೆ ಶಿಗ್ಗಾಂವಿಯ ಸೆಮಿಫೈನಲ್‌ನಲ್ಲಿ ಅವನು ಚೆಂಡಿಗೆ ಹಾರಿ ಕಂಬಕ್ಕೆ ತಲೆ ಬಡಿಸಿಕೊಂಡಿದ್ದ. ರಕ್ತ ಬರಲಿಲ್ಲ, ಬಾವೂ ಬರಲಿಲ್ಲ. ಅವಳು ತಲೆಗೆ ನೀರು ಸುರಿದು ಮೂರು ಬೆರಳು ತೋರಿಸಿ ಎಷ್ಟೆಂದು ಕೇಳಿದ್ದಳು. "ಮೂರ್ರಿ" ಎಂದಿದ್ದ. "ಏನಾಗಿಲ್ಲ, ಆಡು ಹೋಗು" ಎಂದಿದ್ದಳು. ಇನ್ನೊಬ್ಬ ಗೋಲ್‌ಕೀಪರ್ ಇದ್ದಿದ್ದರೆ ಹಾಗೆ ಅನ್ನುತ್ತಿದ್ದೆನೇ ಎಂಬ ಪ್ರಶ್ನೆಯನ್ನು ಅವಳು ಎರಡು ದಿನದಿಂದ ಮುಟ್ಟದೆ ಇಟ್ಟಿದ್ದಳು. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಅವನು ವಾಂತಿ ಮಾಡಿಕೊಂಡಾಗ ನಾಲ್ಕು ಹುಡುಗರು ಒಟ್ಟಿಗೇ ಹೇಳಿದ್ದರು, "ಅವಂಗ ಬಸ್ಸ ಆಗಿ ಬರೂದಿಲ್ರಿ ಟೀಚರ್." ನಾಲ್ವರದೂ ಒಂದೇ ಮಾತು, ಬಾಯಿಪಾಠ ಒಪ್ಪಿಸಿದ ಹಾಗೆ.

ಅರ್ಧ ಆಟ ಮುಗಿದಾಗ ಹಂಸಭಾವಿಯವರು ಒಂದು ಗೋಲು ಮುಂದಿದ್ದರು. ಹುಡುಗರು ಚನ್ನೇಶನ ಸುತ್ತ ಕೋಟೆ ಕಟ್ಟಿದ ಹಾಗೆ ಕುಳಿತರು. ಸವಿತಾ ನಿಂಬೆಹಣ್ಣಿನ ನೀರು ಹಿಡಿದು ಅವನತ್ತ ಹೋದಾಗಲೆಲ್ಲ ಯಾರೋ ಒಬ್ಬ ನಡುವೆ ಬಂದ. "ಟೀಚರ್, ನನ್ನ ಬೂಟ ನೋಡ್ರಿ." "ಟೀಚರ್, ನನಗ ಕೊಡ್ರಿ ನೀರು." ಅಷ್ಟರಲ್ಲಿ ರೆಫರಿ ಸಿಳ್ಳೆ ಊದಿದ. ತಂಡಗಳು ಕಡೆ ಬದಲಾಯಿಸಿದವು.

ಚನ್ನೇಶ ಬೇವಿನ ಮರದ ಕಡೆಯ ಗೋಲಿಗೇ ಓಡಿದ. ಮೊದಲರ್ಧ ನಿಂತಿದ್ದ ಗೋಲು ಅದು.

ಹಾನಗಲ್ಲಿನ ಗೋಲ್‌ಕೀಪರ್ ಸೊಂಟದ ಮೇಲೆ ಕೈಯಿಟ್ಟು ನಿಂತ. "ಏ ಹೀರೋ, ಇದು ನಮ್ದಲೇ! ನಿಮ್ಮನಿ ಆ ಕಡೆ ಐತಿ."

ಮೈದಾನವೆಲ್ಲ ನಕ್ಕಿತು. ಚನ್ನೇಶ ನಗಲಿಲ್ಲ. ಎಡಗೈ ಎತ್ತಿ ಗ್ಲೌಸಿನ ಹಿಂಬದಿ ನೋಡಿದ. ಮರ ನೋಡಿದ. ಮತ್ತೆ ಕೈ ನೋಡಿದ. ಅಲ್ಲೇ ಕಾಲು ಅಗಲಿಸಿ ನಿಂತ.

ಸವಿತಾ ಗೆರೆ ದಾಟಿ ಓಡಿದಳು. ಹಿಂದೆ ರೆಫರಿ ಕೂಗಿದ್ದು ಕೇಳಿಸಿತು, ನಿಲ್ಲಲಿಲ್ಲ. ಚನ್ನೇಶನ ಕೈ ಹಿಡಿದು ತಿರುಗಿಸಿದಳು. ಗ್ಲೌಸಿನ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಒತ್ತಿ ಒತ್ತಿ ಬರೆದಿತ್ತು: ಸವಣೂರು. ಫೈನಲ್. ಹಸಿರು ಅವರು. ಮರದ ಕಡೆ ನಮ್ಮ ಗೋಲು.

ಮುಸ್ತಾಕ ಏದುಸಿರು ಬಿಡುತ್ತ ಬಂದು ತಲೆ ತಗ್ಗಿಸಿ ನಿಂತ.

"ಬಸ್ಸಿನ್ಯಾಗ ನಾಕ ಸಲ ಕೇಳಿದನ್ರಿ, ಎಲ್ಲಿಗಿ ಹೊಂಟೇವಿ ಅಂತ. ಅದಕ್ಕ ಬರದು ಕೊಟ್ನಿ. ಅರ್ಧಾ ಆದಮ್ಯಾಲ ಕಡೆ ಬದಲಾಗ್ತೈತಿ ಅನ್ನೂದು ಮರತೇ ಹೋತ್ರಿ."

"ನನಗ ಯಾಕ ಹೇಳಲಿಲ್ಲೋ?"

"ಮೊನ್ನಿ ನೀವ ಏನಾಗಿಲ್ಲ ಅಂದ್ರಲ್ರಿ."

ಅವನ ದನಿಯಲ್ಲಿ ಆಪಾದನೆ ಇರಲಿಲ್ಲ. ಸವಿತಾ ಚನ್ನೇಶನ ಕೈಯಿಂದ ಗ್ಲೌಸುಗಳನ್ನು ಎಳೆದು ಮುಸ್ತಾಕನಿಗೆ ಕೊಟ್ಟಳು. ಶಾಲೆಯಲ್ಲಿದ್ದದ್ದು ಅದೊಂದೇ ಜೋಡಿ.

"ಗೋಲಿಗೆ ನೀ ನಿಲ್ಲು."

ಹೊರಗೆ ಬರುವಷ್ಟರಲ್ಲಿ ಬಸವಣ್ಣೆಪ್ಪ ಮೈದಾನದ ಸುತ್ತಲಿನ ಹಗ್ಗ ದಾಟಿ ಒಳಗೆ ನುಗ್ಗಿದ್ದ. "ಯಾಕ್ರಿ ಟೀಚರ್? ಕೈ ಮುರದೈತೇನು, ರಗತ ಬಂದೈತೇನು? ಸಾಹೇಬ್ರು ನೋಡಾಕತ್ತಾರ್ರಿ ಅಲ್ಲೆ! ಒಂದ ಸಲ ಕಡೆ ತಪ್ಪಿದ್ದಕ್ಕ ಹೊರಗ ಕುಂದರಸ್ತೀರೇನು?" ಹಿಂದಿನಿಂದ ಯಾರೋ, "ಹೆಣಮಕ್ಕಳ ಕೈಯಾಗ ಟೀಮ ಕೊಟ್ರ ಹಿಂಗ ನೋಡ," ಎಂದರು.

ವೇದವ್ಯಾಸ ಸರ್ ತಗ್ಗಿದ ದನಿಯಲ್ಲಿ ಹೇಳಿದರು, "ಸವಿತಾ ಬಾಯಿ, ಮೂವತ್ತೈದು ನಿಮಿಷ ಅಷ್ಟ ಉಳದದ. ಆಮ್ಯಾಲೆ ದವಾಖಾನಿಗೆ ನಾನ ಕರಕೊಂಡು ಹೋಗ್ತೀನಿ. ಇಷ್ಟು ಬಂದು ಬಿಡೂದಂದ್ರ..."

"ಮೊನ್ನೆನೂ ಹಿಂಗ ಅಂದುಕೊಂಡಿದ್ದೆ ಸರ್," ಎಂದಳು ಸವಿತಾ. ಬಸವಣ್ಣೆಪ್ಪನತ್ತ ತಿರುಗಿದಳು. "ನೀವ ಕೇಳ್ರಿ ಅವನ್ನ. ಇದು ಯಾವ ಊರು ಅಂತ ಕೇಳ್ರಿ."

"ಇದೇನ ಆಟ ಹಚ್ಚೀರಿ? ಏ ಚನ್ನ್ಯಾ, ಹೇಳಲೇ. ಯಾವ ಊರಿದು?"

ಚನ್ನೇಶ ಎಡಗೈ ಎತ್ತಿದ. ಬರಿಗೈ. ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಅಪ್ಪನ ಮುಖ ನೋಡಿ ಖುಷಿಯಿಂದ ನಕ್ಕ.

"ಅಪ್ಪ, ನೀ ಯಾವಾಗ ಬಂದಿ?"

ಪಂದ್ಯಕ್ಕೆ ಮುಂಚೆ ಎಲ್ಲರೆದುರು ಮಂಡಿಯೂರಿ ಅವನ ಬೂಟಿನ ಲೇಸು ಕಟ್ಟಿದ್ದವನು ಬಸವಣ್ಣೆಪ್ಪ. ಅವನ ಕಣ್ಣು ಮಗನ ಬೂಟಿನ ಆ ಎರಡು ಗಂಟುಗಳ ಮೇಲಿತ್ತು.

ಚನ್ನೇಶನನ್ನು ದವಾಖಾನೆಗೆ ಒಯ್ಯುವ ಟಂಟಂ ಹೊರಟಾಗ ಹಿಂದೆ ಆಟ ಮತ್ತೆ ಶುರುವಾಗಿತ್ತು. ಮುಸ್ತಾಕ ಆಚೆ ಕಡೆಯ ಗೋಲಿನಲ್ಲಿ, ತನಗೆ ದೊಡ್ಡದಾದ, ಗೋಲ್‌ಕೀಪರನ ಹಳದಿ ಅಂಗಿಯಲ್ಲಿ ಒಬ್ಬನೇ ನಿಂತಿದ್ದ.

ಸವಣೂರಿನ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಎರಡೂ ಕಣ್ಣಿನ ಪಾಪೆ ಒಂದೇ ಥರ ಇಲ್ಲ, ತಲೆಯೊಳಗೆ ಪೆಟ್ಟಾಗಿರಬಹುದು, ಹುಬ್ಬಳ್ಳಿಗೆ ಒಯ್ಯಿರಿ, ಈಗಲೇ, ಎಂದರು.

ಆಂಬ್ಯುಲೆನ್ಸ್ ಶಿಗ್ಗಾಂವಿ ದಾಟುವಾಗ ಸವಿತಾ ಹೊರಗೆ ನೋಡಲಿಲ್ಲ. ಅವಳ ಫೋನು ಅದುರಿತು. ವೇದವ್ಯಾಸ ಸರ್ ಎಂದು ಹೆಸರು ಮೂಡಿತು. ಪಂದ್ಯ ಮುಗಿದಿರಬೇಕು. ಬಸವಣ್ಣೆಪ್ಪನೂ ಆ ಹೆಸರು ನೋಡಿದ. ಅದು ತಾನಾಗಿ ಸುಮ್ಮನಾಗುವವರೆಗೆ ಇಬ್ಬರೂ ಕಾದರು.

ಚನ್ನೇಶ ಏಳಲು ಹವಣಿಸಿದ. "ಗೋಲಿಗಿ ಯಾರೂ ಇಲ್ಲಪ್ಪ. ನಾ ಹೋಗಬೇಕು."

"ಮ್ಯಾಚು ಮುಗೀತಪಾ. ಮಲಕೋ."

ಅವನು ಮಲಗಿದ. ಒಂದು ಮೈಲಿಯೂ ದಾಟಿರಲಿಲ್ಲ, ಮತ್ತೆ ಮೊಣಕೈ ಊರಿದ. "ಗೋಲಿಗಿ ಯಾರೂ ಇಲ್ಲ..."

"ಮುಗೀತಲೇ, ಮುಗೀತು." ಅಪ್ಪ ಎರಡೂ ಹೆಗಲು ಹಿಡಿದು ಒತ್ತಿದ.

ಮೂರನೇ ಸಲ ಅವನು ಅದನ್ನೇ ಅಂದಾಗ ಬಸವಣ್ಣೆಪ್ಪ ಹೆಗಲು ಬಿಟ್ಟ. ಸವಿತಾಳ ಮುಖ ನೋಡದೆ ಅವಳತ್ತ ಕೈ ಚಾಚಿದ. "ಪೆನ್ನ ಕೊಡ್ರಿ."

ತಂಡದ ಪಟ್ಟಿ ಬರೆಯುವ ಪೆನ್ನನ್ನು ಅವಳು ಕೊಟ್ಟಳು. ಅವನು ಮುಚ್ಚಳ ತೆಗೆದು, ಮಗನ ಅಂಗೈಯನ್ನು ತನ್ನ ತೊಡೆಯ ಮೇಲೆ ಹರವಿಕೊಂಡು, ಗಾಡಿ ಜಿಗಿದಾಗಲೆಲ್ಲ ಕೈ ತಡೆದು, ಮತ್ತೆ ಊರಿ, ಒಂದೊಂದೇ ಅಕ್ಷರ ಬರೆದ.

ಮ್ಯಾಚ್ ಮುಗದೈತಿ. ಅಪ್ಪ ಅದಾನ.

ಚನ್ನೇಶ ತುಟಿ ಅಲುಗಿಸುತ್ತ ಓದಿದ. ತಲೆ ಕೆಳಗಿಟ್ಟ. ಸ್ವಲ್ಪ ಹೊತ್ತಿಗೆ ಮತ್ತೆ ಕೈ ಎತ್ತಿ ಕಣ್ಣ ಹತ್ತಿರ ತಂದು ಓದಿದ, ಇಳಿಸಿದ. ಬೆವರಿಗೆ ಕೊನೆಯ ಅಕ್ಷರ ಆಗಲೇ ಹರಡತೊಡಗಿತ್ತು. ಬಸವಣ್ಣೆಪ್ಪ ಪೆನ್ನಿನ ಮುಚ್ಚಳ ಹಾಕಲಿಲ್ಲ.